ಟೈಮ್ ಆಫೀಸ್ ಕಿಟಕಿ: ಈ ಸಲ ಪಿಎಫ್ ಪೆನ್ಷನ್ ಪ್ರಶ್ನೆಗಳು

ಹೊಸ ಓದುಗರಿಗೆ ಒಂದು ಮಾತು. ನಾನು ಹಣಕಾಸು ತಜ್ಞನಲ್ಲ. ಕಾರ್ಖಾನೆಯೊಂದರ ಟೈಮ್ ಆಫೀಸ್‌ನಲ್ಲಿ ಕೂತು 19 ವರ್ಷ ಹಾಜರಿ, ಓಟಿ, ಪಿಎಫ್ ಫಾರಂ ನೋಡಿಕೊಂಡವನು. 2019ರಲ್ಲಿ ನಿವೃತ್ತನಾದೆ. ಕಿಟಕಿಯ ಆಚೆ ನಿಂತು ಜನ ಕೇಳುತ್ತಿದ್ದ ಪ್ರಶ್ನೆಗಳೇ ಈಗ ಪತ್ರದಲ್ಲಿ ಬರುತ್ತಿವೆ. ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಹೆಸರು, ಕಂಪನಿ ಬಿಟ್ಟಿದ್ದೇನೆ.

ಪ್ರಶ್ನೆ: 2008ರ ಸೆಪ್ಟೆಂಬರ್‌ನಲ್ಲಿ ಈ ಕಂಪನಿಗೆ ಸೇರಿದೆ. 2026ರ ಸೆಪ್ಟೆಂಬರ್‌ಗೆ ನನಗೆ 58 ತುಂಬುತ್ತದೆ. ಈಗ ಬೇಸಿಕ್ 32,000 ರೂಪಾಯಿ. ನಮ್ಮ ಭಾವ ಸರ್ಕಾರಿ ನೌಕರಿಯಲ್ಲಿದ್ದವರು, ಅವರಿಗೆ ಕೊನೆಯ ಸಂಬಳದ ಅರ್ಧ ಪೆನ್ಷನ್ ಬರುತ್ತಿದೆ. ನನಗೆ ಎಷ್ಟು ಬರಬಹುದು? ಸಹೋದ್ಯೋಗಿಯೊಬ್ಬರು 3,857 ಅಂದರು. ತೀರಾ ಕಡಿಮೆ ಅನಿಸಿತು.

ಉತ್ತರ: ಸಹೋದ್ಯೋಗಿ ಹೇಳಿದ್ದು ತಪ್ಪು. ಆದರೆ ನೀವು ಅಂದುಕೊಂಡ ದಿಕ್ಕಿನಲ್ಲಿ ಅಲ್ಲ. ಅದಕ್ಕಿಂತಲೂ ಕಡಿಮೆ ಬರುತ್ತದೆ.

ಭಾವನವರ ಪೆನ್ಷನ್ನೇ ಬೇರೆ, ನಮ್ಮದೇ ಬೇರೆ. ನಮ್ಮದು 1995ರ ನವೆಂಬರ್ 16ರಿಂದ ಬಂದ ನೌಕರರ ಪೆನ್ಷನ್ ಯೋಜನೆ, ಇಪಿಎಸ್. ಕಂಪನಿ ನಿಮ್ಮ ಹೆಸರಿಗೆ ಕಟ್ಟುವ ಶೇ 12ರಲ್ಲಿ ಶೇ 8.33 ಇದಕ್ಕೆ ಹೋಗುತ್ತದೆ. ಆದರೆ ನಿಮ್ಮ ಪೂರ್ತಿ ಬೇಸಿಕ್ ಮೇಲೆ ಅಲ್ಲ, 15,000 ರೂಪಾಯಿವರೆಗೆ ಮಾತ್ರ. ಅಂದರೆ ತಿಂಗಳಿಗೆ 1,250. ನಿಮ್ಮ ಬೇಸಿಕ್ 32,000 ಇರಲಿ, 82,000 ಇರಲಿ, ಪೆನ್ಷನ್ ಲೆಕ್ಕದಲ್ಲಿ ನೀವು 15,000 ಸಂಬಳದವರು.

ಲೆಕ್ಕ ಹೀಗೆ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. 15,000 ಗುಣಿಸು 18, ಭಾಗಿಸು 70. ಸಹೋದ್ಯೋಗಿಯ 3,857 ಬಂದಿದ್ದು ಇಲ್ಲಿಂದಲೇ. ಎಲ್ಲರೂ ಜಾರುವುದೂ ಇಲ್ಲೇ. 2014ರ ಸೆಪ್ಟೆಂಬರ್ 1ಕ್ಕೆ ಮುಂಚೆ ಮಿತಿ 6,500 ಇತ್ತು. ಆ ದಿನದವರೆಗಿನ ಸರ್ವಿಸ್‌ಗೆ 6,500ರ ಲೆಕ್ಕ, ಆಮೇಲಿನದಕ್ಕೆ 15,000ದ ಲೆಕ್ಕ. ನಿಮಗೆ ಹಳೆಯದು 6 ವರ್ಷ, 557 ರೂಪಾಯಿ. ಹೊಸದು 12 ವರ್ಷ, 2,571 ರೂಪಾಯಿ. ಕೂಡಿದರೆ ತಿಂಗಳಿಗೆ 3,128.

ಇನ್ನೆರಡು ವರ್ಷ ಸರ್ವಿಸ್ ಇದ್ದಿದ್ದರೆ ಚೆನ್ನಾಗಿತ್ತು. 20 ವರ್ಷ ತುಂಬಿದವರಿಗೆ 2 ವರ್ಷ ಪುಕ್ಕಟೆ ಸೇರಿಸುತ್ತಾರೆ. 2008ಕ್ಕೆ ಮುಂಚೆ ಬೇರೆಲ್ಲಾದರೂ ಕೆಲಸ ಮಾಡಿ ಪಿಎಫ್ ಕಟ್ಟಿಸಿದ್ದಿರಾ? ಅದನ್ನು ತೆಗೆಸದೆ ಹಾಗೇ ಬಿಟ್ಟಿದ್ದರೆ ಈಗಲೇ ಹುಡುಕಿ ವರ್ಗ ಮಾಡಿಸಿ. ಹಳೇ ಟ್ರಂಕಿನಲ್ಲಿ ಒಂದು ಸಂಬಳದ ಚೀಟಿ ಸಿಕ್ಕರೂ ಸಾಕು, ಅದರ ಮೇಲೆ ಪಿಎಫ್ ನಂಬರ್ ಇರುತ್ತದೆ.

ಇನ್ನೊಂದು ಕಹಿ ಮಾತು. ಭಾವನವರಿಗೆ ತುಟ್ಟಿಭತ್ಯೆ ಏರುತ್ತಾ ಹೋಗುತ್ತದೆ. ಇಪಿಎಸ್‌ನಲ್ಲಿ ಅದಿಲ್ಲ. 58ಕ್ಕೆ 3,128 ಅಂದರೆ 78ಕ್ಕೂ 3,128. ಹಾಗಾಗಿ ಇದನ್ನು ಔಷಧಿ ಖರ್ಚು ಅಂದುಕೊಳ್ಳಿ, ಸಂಸಾರದ ಖರ್ಚು ಅಂದುಕೊಳ್ಳಬೇಡಿ. ನಿಮ್ಮ ನಿಜವಾದ ಪೆನ್ಷನ್ ಪಿಎಫ್ ಪಾಸ್‌ಬುಕ್‌ನಲ್ಲಿರುವ ಗಂಟು. ಜೊತೆಗೆ ಗ್ರಾಚ್ಯುಟಿ. ಕೊನೆಯ ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಿ. ಬರೀ 32,000 ಹಿಡಿದರೂ 3,32,307 ರೂಪಾಯಿ ಆಗುತ್ತದೆ. ಅದನ್ನು ಕಂಪನಿ ಕೊಡಲೇಬೇಕು, ದಯೆಯಿಂದ ಕೊಡುವುದಲ್ಲ.

ಪ್ರಶ್ನೆ: ವಯಸ್ಸು 31. ಗಾರ್ಮೆಂಟ್ಸ್‌ನಲ್ಲಿ ಟೈಲರ್. 2018ರಿಂದ ಮೂರು ಫ್ಯಾಕ್ಟರಿ ಬದಲಾಯಿಸಿದ್ದೇನೆ. ಒಟ್ಟು ಏಳು ವರ್ಷ ಆಗಿದೆ. ಪಿಎಫ್ ಸದಸ್ಯರಿಗೆ ಕೊಡುವ ಗುರುತಿನ ನಂಬರ್, ಯುಎಎನ್, ನನಗೆ ಎರಡು ಇವೆ. ಈಗಿನ ಬೇಸಿಕ್ 13,000. ಪಾಸ್‌ಬುಕ್‌ನಲ್ಲಿ ನನ್ನ ಕಡೆಯಿಂದ 1,560 ಇದ್ದರೆ ಕಂಪನಿ ಕಡೆಯಿಂದ 477 ಅಷ್ಟೇ ತೋರಿಸುತ್ತದೆ. ಮೋಸ ಮಾಡುತ್ತಿದ್ದಾರಾ? ಜೊತೆಯವರೆಲ್ಲ ಕೆಲಸ ಬಿಟ್ಟು ಎರಡು ತಿಂಗಳು ಮನೆಯಲ್ಲಿದ್ದು ಪೂರ್ತಿ ತೆಗೆಸು ಅನ್ನುತ್ತಾರೆ. ಮಗಳ ಶಾಲೆಗೆ ದುಡ್ಡು ಬೇಕು.

ಉತ್ತರ: ತಂಗೀ, ಮೊದಲು ಮೋಸದ ವಿಷಯ ಮುಗಿಸೋಣ. ಮೋಸ ಇಲ್ಲ. ಕಂಪನಿಯೂ 1,560 ಕಟ್ಟಿದೆ. ಅದರಲ್ಲಿ 1,083 ಪೆನ್ಷನ್ ಖಾತೆಗೆ ಹೋಗಿದೆ, ಉಳಿದ 477 ಪಿಎಫ್‌ಗೆ ಬಂದಿದೆ. ಪಾಸ್‌ಬುಕ್‌ನಲ್ಲಿ ಪೆನ್ಷನ್ ಅಂತ ಇನ್ನೊಂದು ಸಾಲು ಇರುತ್ತದೆ, ನೋಡಿ. ಆ ಹಣಕ್ಕೆ ಬಡ್ಡಿ ಸೇರುವುದಿಲ್ಲ. ಅದು ಉಳಿತಾಯ ಅಲ್ಲ, ಮುಂದೆ ಪೆನ್ಷನ್ ಕೊಡುವುದಕ್ಕೆ ಕಟ್ಟಿದ ಕಂತು.

ಈಗ ತೆಗೆಸುವ ವಿಷಯ. ಇದಕ್ಕೆ ನನ್ನದೇ ಕಥೆ ಹೇಳಬೇಕು. ಹೇಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ. 1996ರಿಂದ 2000ದವರೆಗೆ ಒಂದು ಕಂಪನಿಯಲ್ಲಿ ನಾಲ್ಕು ವರ್ಷ ಇದ್ದೆ. ಬಿಡುವಾಗ ಅಲ್ಲಿನ ಗುಮಾಸ್ತ ಕೇಳಿದ, "ಪೆನ್ಷನ್ನೂ ತೆಗೆಸ್ತೀರಾ?" ನಾನು "ಇದ್ದಬದ್ದದ್ದೆಲ್ಲ ಕೊಡಪ್ಪಾ" ಅಂದೆ. 10ಸಿ ಫಾರಂಗೆ ಸಹಿ ಹಾಕಿದೆ. ಕೈಗೆ ಬಂದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡೆ. ಎರಡು ವರ್ಷ ಓಡಿತು, ಆಮೇಲೆ ಮೆಕ್ಯಾನಿಕ್ ಬಳಿಯೇ ಜಾಸ್ತಿ ಇತ್ತು.

2000ದ ಸೆಪ್ಟೆಂಬರ್‌ನಲ್ಲಿ ಹೊಸ ಕಂಪನಿ ಸೇರಿ, 2019ರಲ್ಲಿ 58 ತುಂಬಿದಾಗ ಹೊರಬಂದೆ. ಸರ್ವಿಸ್ ಸರಿಯಾಗಿ 19 ವರ್ಷ. ನನ್ನ ಪೆನ್ಷನ್ 2,371 ರೂಪಾಯಿ. ಹಳೇ ನಾಲ್ಕು ವರ್ಷ ಇದ್ದಿದ್ದರೆ ಅದಕ್ಕೇ ತಿಂಗಳಿಗೆ 371 ಜಾಸ್ತಿ ಬರುತ್ತಿತ್ತು. 20 ದಾಟಿರುತ್ತಿದ್ದರಿಂದ ಆ 2 ವರ್ಷದ ಪುಕ್ಕಟೆಯೂ ಸಿಗುತ್ತಿತ್ತು. ಅದೂ ಹೋಯಿತು. ಒಂದೇ ಒಂದು ವರ್ಷಕ್ಕೆ! ನೂರಾರು ಜನಕ್ಕೆ "ತೆಗೀಬೇಡ್ರಪ್ಪಾ" ಅಂತ ಕಿಟಕಿಯಲ್ಲಿ ಬುದ್ಧಿ ಹೇಳಿದವನ ಪಾಡು ಇದು.

ನಿಮ್ಮ ಲೆಕ್ಕ ನೋಡಿ. ಪೆನ್ಷನ್‌ಗೆ ಕನಿಷ್ಠ 10 ವರ್ಷ ಬೇಕು. ಆರು ತಿಂಗಳು ಅಥವಾ ಜಾಸ್ತಿ ಇದ್ದರೆ ಒಂದು ವರ್ಷ ಅಂತ ಹಿಡಿಯುವುದರಿಂದ ಒಂಬತ್ತೂವರೆ ವರ್ಷ ಆದರೂ ಹತ್ತೇ. ನಿಮಗೆ ಇನ್ನು ಎರಡೂವರೆ ವರ್ಷ ಸಾಕು. ಒಂದೇ ಕಂಪನಿಯಲ್ಲಿ ಆಗಬೇಕು ಅಂತಿಲ್ಲ, ಮೂರೂ ಫ್ಯಾಕ್ಟರಿ ಸೇರುತ್ತವೆ. ನಡುವೆ ಮನೆಯಲ್ಲಿದ್ದ ತಿಂಗಳು ಲೆಕ್ಕಕ್ಕಿಲ್ಲ ಅಷ್ಟೇ, ಹಳೆಯದು ಅಳಿಸಿ ಹೋಗುವುದಿಲ್ಲ. ಇದೇ 13,000ದಲ್ಲಿ 10 ವರ್ಷಕ್ಕೆ ತಿಂಗಳಿಗೆ 1,857 ಪೆನ್ಷನ್. 20 ವರ್ಷ ಮಾಡಿದರೆ 22 ಅಂತ ಹಿಡಿದು 4,085. ಈಗ ತೆಗೆಸಿದರೆ ನಾಳೆ ಮತ್ತೆ ಒಂದರಿಂದ ಎಣಿಸಬೇಕು.

ಮಗಳ ಶಾಲೆಗೆ ದುಡ್ಡು ಬೇಕೇ ಬೇಕು, ಅದು ಗೊತ್ತು. ಅದಕ್ಕೆ ಕೆಲಸ ಬಿಡಬೇಕಿಲ್ಲ, ಖಾತೆ ಮುಚ್ಚಬೇಕಿಲ್ಲ. ಓದು, ಕಾಯಿಲೆ, ಮದುವೆ, ಮನೆ ಅಂತ ಪಿಎಫ್‌ನಲ್ಲಿ ಮುಂಗಡ ತೆಗೆಯುವ ದಾರಿ ಇದೆ. ನಿಮ್ಮ ಖಾತೆಗೆ ಎಷ್ಟು ಸಿಗುತ್ತದೆ ಅಂತ ಅರ್ಜಿ ಹಾಕುವಾಗ ಪೋರ್ಟಲ್ಲೇ ತೋರಿಸುತ್ತದೆ. ಮುಂಗಡ ತೆಗೆದರೆ ಪೆನ್ಷನ್ ಸರ್ವಿಸ್‌ಗೆ ಏನೂ ಆಗುವುದಿಲ್ಲ. ಆದಷ್ಟು ಕಡಿಮೆ ತೆಗೆಯಿರಿ.

ಅದಕ್ಕೂ ಮುಂಚೆ ಎರಡು ಯುಎಎನ್ ಒಂದಾಗಬೇಕು. ಹಳೆಯದರ ಹಣವನ್ನು ಈಗಿನ ನಂಬರಿಗೆ ವರ್ಗ ಮಾಡಿಸಿ. ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಎರಡು ಕಡೆ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು. ಗಂಡನ ಹೆಸರು ಸೇರಿಸಿದ್ದು, ಇನಿಶಿಯಲ್ ಹಿಂದೆ ಮುಂದೆ ಆಗಿದ್ದು, ಇಂಥವು. ಎರಡನೆಯದು, ಹಳೇ ಫ್ಯಾಕ್ಟರಿಯವರು ನೀವು ಬಿಟ್ಟ ತಾರೀಖು ಹಾಕಿರುವುದಿಲ್ಲ. ಎರಡು ತಿಂಗಳು ಕಳೆದಿದ್ದರೆ ಆ ತಾರೀಖನ್ನು ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಸೈಬರ್ ಅಂಗಡಿಯವರು "ವರ್ಗ ಯಾಕೆ ಅಕ್ಕಾ, ಕ್ಲೇಮೇ ಹಾಕ್ತೀನಿ" ಅಂದರೆ ಬೇಡ ಅನ್ನಿ.

ಪ್ರಶ್ನೆ: ಸಾಫ್ಟ್‌ವೇರ್ ಇಂಜಿನಿಯರ್, 33 ವರ್ಷ. 2017ರಲ್ಲಿ ಮೊದಲ ಕೆಲಸಕ್ಕೆ ಸೇರಿದಾಗಲೇ ಬೇಸಿಕ್ 28,000 ಇತ್ತು. ಪಾಸ್‌ಬುಕ್‌ನ ಪೆನ್ಷನ್ ಸಾಲಿನಲ್ಲಿ ಎಲ್ಲ ತಿಂಗಳೂ ಸೊನ್ನೆ. ಎಚ್ಆರ್‌ನವರು "ನೀವು ಎಲಿಜಿಬಲ್ ಅಲ್ಲ" ಅಂತ ಒಂದೇ ಸಾಲಿನ ಮೇಲ್ ಕಳಿಸಿದ್ದಾರೆ.

ಉತ್ತರ: ಒಂದು ಸಾಲಾದರೂ ನಿಜ ಹೇಳಿದ್ದಾರೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರುವವರ ಸಂಬಳ 15,000 ದಾಟಿದ್ದರೆ ಅವರಿಗೆ ಇಪಿಎಸ್ ಇಲ್ಲ. ಎಷ್ಟು ವರ್ಷ ದುಡಿದರೂ ಇಲ್ಲ. ನಿಮ್ಮ ಕಚೇರಿಯ ಅರ್ಧ ಜನಕ್ಕೆ ಇದು ಗೊತ್ತೇ ಇರಲಿಕ್ಕಿಲ್ಲ. ಪಿಎಫ್ ಕಟ್ ಆಗುತ್ತಿದೆ, ಹಾಗಾದರೆ ಪೆನ್ಷನ್ ಇದ್ದೇ ಇರುತ್ತದೆ ಅಂದುಕೊಂಡಿರುತ್ತಾರೆ.

ಹಾಗಂತ ನಷ್ಟ ಆಯಿತು ಅಂತಲೂ ಅಲ್ಲ. ಬೇರೆಯವರಿಗೆ ಪೆನ್ಷನ್‌ಗೆ ಹೋಗುವ ಆ 1,250 ನಿಮ್ಮ ಪಿಎಫ್‌ಗೇ ಬಂದು ಬೀಳುತ್ತಿದೆ. 2023-24 ಮತ್ತು 2024-25ರಲ್ಲಿ ಬಡ್ಡಿ ಶೇ 8.25 ಇತ್ತು. ಇದೇ ದರ ಉಳಿದರೆ ಬರೀ ಆ 1,250 ರೂಪಾಯಿಯೇ 25 ವರ್ಷಕ್ಕೆ ಹನ್ನೊಂದೂವರೆ ಲಕ್ಷ ದಾಟುತ್ತದೆ. ಅದರ ಮೇಲೆ ಶೇ 8 ಬಡ್ಡಿ ಬಂದರೂ ತಿಂಗಳಿಗೆ 7,600, ಅಸಲು ಹಾಗೇ ಇರುತ್ತದೆ. ಇಪಿಎಸ್‌ನಲ್ಲಿ 25 ವರ್ಷ ಇದ್ದವರಿಗೆ ಪುಕ್ಕಟೆ 2 ವರ್ಷ ಸೇರಿಸಿದರೂ ಬರುವುದು 5,785. ದರ ಇಳಿಯಬಹುದು, 2021-22ರಲ್ಲಿ ಶೇ 8.1ಕ್ಕೆ ಇಳಿದಿತ್ತು. ಆದರೂ ನಿಮ್ಮ ಕಡೆಯೇ ತೂಕ ಜಾಸ್ತಿ.

ಆದರೆ ಎರಡು ಷರತ್ತು. ಒಂದು, ಕೆಲಸ ಬದಲಾಯಿಸುವಾಗ ನೀವು ಅದನ್ನು ಮುಟ್ಟಬಾರದು. ಇಪಿಎಸ್ ದುಡ್ಡು ಕೈಗೆ ಸುಲಭವಾಗಿ ಸಿಗುವುದಿಲ್ಲ, ಅದೇ ಅದರ ಗುಣ. ನಿಮ್ಮದು ಬೈಕು, ಕಾರು, ಪ್ರವಾಸ ಎಲ್ಲಕ್ಕೂ ಸಿಗುತ್ತದೆ. ಎರಡು, ಇಪಿಎಸ್ ಇದ್ದವರು ನಡುವೆ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಪೆನ್ಷನ್ ಬರುತ್ತದೆ. ನಿಮ್ಮ ಮನೆಯವರಿಗೆ ಅದಿಲ್ಲ. ಹಾಗಾಗಿ ಟರ್ಮ್ ಇನ್ಶೂರೆನ್ಸ್ ಮಾಡಿಸಿ. ವಾಪಸ್ ದುಡ್ಡು ಬರುವ ಪಾಲಿಸಿ ಅಲ್ಲ, ಬರೀ ಟರ್ಮ್.

ಇನ್ನೂ ಉಳಿಸಬೇಕು ಅನಿಸಿದರೆ ಶೇ 12ಕ್ಕಿಂತ ಜಾಸ್ತಿಯೂ ಕಟ್ಟಬಹುದು, ವಿಪಿಎಫ್ ಅಂತಾರೆ. ಕಂಪನಿ ತನ್ನ ಪಾಲು ಏರಿಸುವುದಿಲ್ಲ. ನಿಮ್ಮ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ ದಾಟಿದ್ದರ ಬಡ್ಡಿಗೆ ತೆರಿಗೆ ಇದೆ.

ಪ್ರಶ್ನೆ: ನನ್ನ ಯಜಮಾನರು 41ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಒಂದು ಕಂಪನಿಯಲ್ಲಿ ಮೂರು ವರ್ಷದಿಂದ ಡ್ರೈವರ್ ಆಗಿದ್ದರು. ಕಂಪನಿಯವರು "ಹತ್ತು ವರ್ಷ ಆಗಿಲ್ಲ, ಪೆನ್ಷನ್ ಬರಲ್ಲ, ಪಿಎಫ್ ಮಾತ್ರ" ಅಂದರು. ಪಿಎಫ್ ನಾಮಿನಿ ಜಾಗದಲ್ಲೂ ಅತ್ತೆಯ ಹೆಸರಿದೆ, ಮದುವೆಗೆ ಮುಂಚೆ ಹಾಕಿದ್ದಂತೆ. ಇಬ್ಬರು ಮಕ್ಕಳು, 9 ಮತ್ತು 6 ವರ್ಷ.

ಉತ್ತರ: ಅಮ್ಮಾ, ಅವರು ಹೇಳಿದ್ದು ತಪ್ಪು. ಹತ್ತು ವರ್ಷದ ನಿಯಮ ಬದುಕಿ ನಿವೃತ್ತರಾಗುವವರಿಗೆ. ಕೆಲಸದಲ್ಲಿರುವಾಗ ತೀರಿಕೊಂಡರೆ ಒಂದು ತಿಂಗಳ ಕಂತು ಕಟ್ಟಿದ್ದರೂ ಕುಟುಂಬಕ್ಕೆ ಪೆನ್ಷನ್ ಇದೆ. ನಿಮಗೆ ಬದುಕಿರುವವರೆಗೆ, ಮರುಮದುವೆ ಆಗದಿದ್ದರೆ. ಮಕ್ಕಳಿಬ್ಬರಿಗೂ 25 ವರ್ಷ ತುಂಬುವವರೆಗೆ, ತಲಾ ನಿಮ್ಮ ಪೆನ್ಷನ್ನಿನ ಕಾಲು ಭಾಗ. ನಿಮ್ಮದು ತಿಂಗಳಿಗೆ 1,000ಕ್ಕೆ ಕಡಿಮೆ ಇರುವಂತಿಲ್ಲ. ಸಂಬಳ ನೋಡಿಕೊಂಡು ಜಾಸ್ತಿಯೂ ಆಗಬಹುದು.

ಇನ್ನೊಂದು ಅವರು ಹೇಳದೇ ಬಿಟ್ಟದ್ದು ಇದೆ. ಪಿಎಫ್ ಜೊತೆ ಇಡಿಎಲ್‌ಐ ಅನ್ನುವ ವಿಮೆ ಇರುತ್ತದೆ. 1976ರಿಂದ ಇದೆ. ಕಂತು ಕಂಪನಿಯೇ ಕಟ್ಟುವುದರಿಂದ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಿರುವುದಿಲ್ಲ. ಗರಿಷ್ಠ 7 ಲಕ್ಷದವರೆಗೆ ಸಿಗುತ್ತದೆ.

ಮೂರು ಫಾರಂ ಒಟ್ಟಿಗೇ ಹಾಕಿ. ಪಿಎಫ್ ಹಣಕ್ಕೆ 20, ಪೆನ್ಷನ್‌ಗೆ 10ಡಿ, ವಿಮೆಗೆ 5ಐಎಫ್. ಮರಣ ಪ್ರಮಾಣಪತ್ರ, ನಿಮ್ಮ ಮತ್ತು ಮಕ್ಕಳ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಕಂಪನಿ ಸಹಿ ಹಾಕಲು ಸತಾಯಿಸಿದರೆ ನೀವೇ ಪಿಎಫ್ ಕಚೇರಿಗೆ ಹೋಗಿ. ಅಲ್ಲಿನ ಸಹಾಯ ಕೌಂಟರ್‌ನಲ್ಲಿ "ಸರ್ವಿಸ್‌ನಲ್ಲಿದ್ದಾಗ ಸಾವು" ಅನ್ನಿ. ಅಷ್ಟು ಹೇಳಿದರೆ ಅವರಿಗೆ ಅರ್ಥ ಆಗುತ್ತದೆ.

ನಾಮಿನಿ ವಿಷಯಕ್ಕೆ ಹೆದರಬೇಡಿ. ಮದುವೆಗೆ ಮುಂಚೆ ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ನಿಲ್ಲುವುದಿಲ್ಲ. ಅತ್ತೆಯವರ ಹತ್ತಿರ ಇದನ್ನು ಜಗಳ ಮಾಡದೆ ಹೇಳಿ, ಅವರೂ ಮಗನನ್ನು ಕಳಕೊಂಡವರು. ಉಳಿದ ಓದುಗರು ಈ ಪುಟ ಮಡಚುವ ಮುಂಚೆ ಒಂದು ಸಲ ತಮ್ಮ ಇ-ನಾಮಿನೇಷನ್ ತೆಗೆದು ನೋಡಿಕೊಳ್ಳಿ.

ಪ್ರಶ್ನೆ: 58ಕ್ಕೇ ಪೆನ್ಷನ್ ತೆಗೆದುಕೊಳ್ಳಲಾ, 60ರವರೆಗೆ ಕಾಯಲಾ? ಕಾದರೆ ವರ್ಷಕ್ಕೆ ಶೇ 4 ಜಾಸ್ತಿ ಅಂತಾರೆ. ನನ್ನ ಲೆಕ್ಕ ಸುಮಾರು 3,000 ಬರುತ್ತದೆ.

ಉತ್ತರ: ತೆಗೆದುಕೊಳ್ಳಿ. ಎರಡು ವರ್ಷ ಕಾದರೆ 72,000 ಬಿಟ್ಟ ಹಾಗೆ. ಆಮೇಲೆ ತಿಂಗಳಿಗೆ ಜಾಸ್ತಿ ಬರುವುದು 245 ರೂಪಾಯಿ. ಬಿಟ್ಟದ್ದು ವಾಪಸ್ ಬರುವಷ್ಟರಲ್ಲಿ ನಿಮಗೆ 84 ದಾಟಿರುತ್ತದೆ. ಆದರೆ ಯಾರಾದರೂ 50ಕ್ಕೋ 52ಕ್ಕೋ ಮುಂಚಿತವಾಗಿ ತೆಗೆದುಕೊಳ್ಳಬೇಕು ಅಂತಿದ್ದರೆ ಅವರಿಗೆ ಬೇಡ ಅನ್ನುತ್ತೇನೆ. 58ಕ್ಕೆ ಕಡಿಮೆ ಇರುವ ಒಂದೊಂದು ವರ್ಷಕ್ಕೂ ಶೇ 4 ಕಡಿತ, ಅದು ಜೀವಮಾನ ಪೂರ್ತಿ.

ಪ್ರಶ್ನೆ: ಹೋದ ತಿಂಗಳು ನಿವೃತ್ತನಾದೆ. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 14 ಲಕ್ಷ ಬರಲಿದೆ. ಮಗ "ಸೈಟ್ ತಗೊಳ್ಳೋಣ ಅಪ್ಪಾ" ಅನ್ನುತ್ತಿದ್ದಾನೆ. ಬ್ಯಾಂಕಿನವರು ಒಂದು ಪಾಲಿಸಿ ಹೇಳುತ್ತಿದ್ದಾರೆ. ಜೊತೆಗೆ, ಪೆನ್ಷನ್‌ಗೆ ವರ್ಷವರ್ಷ ಜೀವಿತ ಪ್ರಮಾಣಪತ್ರ ಕೊಡಬೇಕಂತಲ್ಲ? ನಾನು ಗ್ರೈಂಡಿಂಗ್ ಸೆಕ್ಷನ್‌ನಲ್ಲಿದ್ದವನು, ಬೆರಳಚ್ಚು ಎಲ್ಲೂ ಹತ್ತುವುದಿಲ್ಲ.

ಉತ್ತರ: ಸೈಟ್ ಬಾಡಿಗೆ ಕೊಡುವುದಿಲ್ಲ, ಕಾಯಿಲೆ ಬಂದ ದಿನ ಅರ್ಧ ಸೈಟ್ ಮಾರಲೂ ಆಗುವುದಿಲ್ಲ. ಮಗ ಒಳ್ಳೆಯವನೇ ಇರಬಹುದು. ಆದರೂ ಅವನಿಗೆ ಮುಂದೆ ಮೂವತ್ತು ವರ್ಷದ ಸಂಬಳ ಇದೆ, ನಿಮಗೆ ಇರುವುದು ಇದೊಂದೇ ಗಂಟು. ಪಾಲಿಸಿಯವರಿಗೆ ಕಾಫಿ ಕೊಟ್ಟು ಕಳಿಸಿ.

ನಾನಾಗಿದ್ದರೆ 10 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡುತ್ತಿದ್ದೆ. 60 ತುಂಬದಿದ್ದರೂ 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಬಂದ ಮೂರು ತಿಂಗಳೊಳಗೆ ಖಾತೆ ತೆರೆಯಬಹುದು. ಆ ಅವಧಿ ತಪ್ಪಿಸಬೇಡಿ. 2023ರ ಏಪ್ರಿಲ್‌ನಲ್ಲಿ ದರ ಶೇ 8.2ಕ್ಕೆ ಏರಿತು. ಆ ದರದಲ್ಲಿ 10 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ಬರುತ್ತದೆ. ಖಾತೆ ತೆರೆದ ದಿನದ ದರವೇ ಐದು ವರ್ಷ ಇರುತ್ತದೆ. ಉಳಿದ 4 ಲಕ್ಷದಲ್ಲಿ ಒಂದು ಲಕ್ಷ ಕೈಗೆ ಸಿಗುವ ಹಾಗೆ ಬ್ಯಾಂಕಿನಲ್ಲಿರಲಿ. ಮೂರು ಲಕ್ಷ ಬೇರೆ ಬೇರೆ ಅವಧಿಯ ಎಫ್‌ಡಿಯಲ್ಲಿರಲಿ. ಬಡ್ಡಿಯನ್ನೆಲ್ಲ ಖರ್ಚು ಮಾಡಬೇಡಿ, ಸ್ವಲ್ಪ ಮತ್ತೆ ಗಂಟಿಗೆ ಸೇರಿಸಿ. ಬೆಲೆ ವರ್ಷಕ್ಕೆ ಶೇ 6 ಏರಿದರೆ 12 ವರ್ಷಕ್ಕೆ ಖರ್ಚು ಎರಡು ಪಟ್ಟು ಆಗುತ್ತದೆ.

ಜೀವಿತ ಪ್ರಮಾಣಪತ್ರವನ್ನು ನವೆಂಬರ್‌ನಲ್ಲೇ ಕೊಡಬೇಕು ಅಂತೇನಿಲ್ಲ. ಇಪಿಎಸ್‌ನವರು ಯಾವ ತಿಂಗಳಾದರೂ ಕೊಡಬಹುದು, ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಬೆರಳು ನನ್ನದೂ ಹತ್ತಲಿಲ್ಲ. ಹಾಜರಿ ಪುಸ್ತಕದ ಹಾಳೆ ತಿರುವಿಯೇ ಸವೆದಿರಬೇಕು. ಈಗ ಮೊಬೈಲ್‌ನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಮೊಮ್ಮಗಳು ಫೋನ್ ಹಿಡಿದು "ಕಣ್ಣು ಮಿಟುಕಿಸಿ ತಾತಾ" ಅಂದಳು, ಮಿಟುಕಿಸಿದೆ. ಎರಡನೇ ಸಲಕ್ಕೆ ಆಯಿತು. ಮೊದಲನೇ ಸಲ ಕನ್ನಡಕ ತೆಗೆಯಲು ಮರೆತಿದ್ದೆ.